ಮೂರು ಮನೆಯ ಬಾಣಂತನ

ಚೆನ್ನೈನ ಪೋರೂರಿನಲ್ಲಿ ಆ ಮನೆಯನ್ನು ನಾವು ಆರಿಸಿಕೊಂಡದ್ದೇ ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ ಎಂಬ ಕಾರಣಕ್ಕೆ. ಮನೆ ತೋರಿಸಿದ ಬ್ರೋಕರ್ ಅದನ್ನೂ ಒಂದು ಸೌಕರ್ಯವೆಂಬಂತೆ ಹೇಳಿದ್ದ. ಬೋರ್‌ವೆಲ್ ನೀರಿದೆ, ಕೆರೆಯ ಕಡೆಯಿಂದ ಗಾಳಿ ಬರುತ್ತದೆ, ಅಕ್ಕಪಕ್ಕದವರ ಉಪದ್ರವ ಇಲ್ಲ. ನನಗೆ ಮೂರನೆಯದು ಬಹಳ ಹಿಡಿಸಿತು. ಮೈಸೂರಿನಲ್ಲಿ ನಾನು ಬೆಳೆದ ವಠಾರದಲ್ಲಿ ನಮ್ಮ ಮನೆಯ ಕುಕ್ಕರ್ ತಡವಾಗಿ ಕೂಗಿದರೆ ಪಕ್ಕದ ಮನೆಯವರು ಕಿಟಕಿಯಿಂದಲೇ ಕಾರಣ ಕೇಳುತ್ತಿದ್ದರು. ಅಂಥ ವಿಚಾರಣೆಗಳಲ್ಲೇ ದೊಡ್ಡವಳಾದವಳಿಗೆ, ಬಾಗಿಲು ಹಾಕಿಕೊಂಡು ತನ್ನ ಪಾಡಿಗೆ ತಾನಿರುವುದಕ್ಕಿಂತ ದೊಡ್ಡ ಸುಖ ಇನ್ನೇನಿದೆ? ಗಿಂಡಿಯ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗ ಯಾರಾದರೂ ಎದುರಾದರೆ ಹಲ್ಲು ಕಾಣದಷ್ಟು ಮಾತ್ರ ನಕ್ಕು ಮುಂದೆ ಹೋಗುತ್ತಿದ್ದೆ. ಕಟ್ಟಡದ ವಾಟ್ಸಾಪ್ ಗುಂಪಿಗೆ ಸೇರಿಸಿದ ದಿನವೇ ಅದರ ಸದ್ದು ಅಡಗಿಸಿಟ್ಟಿದ್ದೆ.

ಲಿಫ್ಟ್ ಇಲ್ಲದ ಸಣ್ಣ ಕಟ್ಟಡ ಅದು. ನಾವಿದ್ದದ್ದು ಮೊದಲ ಮಹಡಿಯಲ್ಲಿ. ನಮ್ಮ ಎದುರು ಬಾಗಿಲಲ್ಲಿ ಒಬ್ಬ ತಮಿಳು ಹೆಂಗಸು, ಗಂಡ ಮತ್ತು ಕಾಲೇಜಿಗೆ ಹೋಗುವ ಮಗಳ ಜೊತೆ ಇದ್ದರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು; ಮಾತು ಜೋರು, ಹೊಲಿಗೆ ಯಂತ್ರದ ಸದ್ದನ್ನೂ ಮೀರಿಸುವಂಥದ್ದು. ಮೇಲಿನ ಮಹಡಿಯಲ್ಲಿ ನರ್ಸ್ ಕೆಲಸದಿಂದ ನಿವೃತ್ತರಾದ ಮಲಯಾಳಿ ಹೆಂಗಸು ಒಬ್ಬರೇ ಇದ್ದರು. ಅವರನ್ನು ಇಡೀ ಕಟ್ಟಡ ಚೇಚಿ ಎಂದು ಕರೆಯುತ್ತಿತ್ತು. ನಮ್ಮ ಕೆಳಗೆ, ನೆಲಮಹಡಿಯಲ್ಲಿ, ಕುಂದಾಪುರದ ಕಡೆಯ ಹೋಟೆಲಿನವರು. ಗಿಂಡಿಯಲ್ಲಿ ಕಾರ್ಖಾನೆಗಳ ಹತ್ತಿರ ಅವರದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಈಗ ಮಗ ನೋಡಿಕೊಳ್ಳುತ್ತಾನೆ.

ಆ ಮನೆಯ ಹಿರಿಯಾಕೆಗೆ ನಾನು ಕನ್ನಡದವಳೆಂದು ಗೊತ್ತಾಗದಿರಲಿ ಎಂದು ಎಷ್ಟೋ ಕಾಲ ಮೆಟ್ಟಿಲ ಮೇಲೆ ಫೋನಿನಲ್ಲಿ ಇಂಗ್ಲಿಷನ್ನೇ ಮಾತಾಡಿದೆ. ಗೊತ್ತಾದರೆ ಮುಗಿಯಿತು, ಊರು, ಬೀದಿ, ಅಜ್ಜನ ಕೆಲಸ ಎಲ್ಲ ಹೊರಬೀಳುವವರೆಗೆ ಬಿಡುವುದಿಲ್ಲ. ಒಂದು ದಿನ ಅಮ್ಮನ ಫೋನಿಗೆ ಅಭ್ಯಾಸಬಲದಿಂದ "ಏನಮ್ಮಾ, ಊಟ ಆಯ್ತಾ?" ಎಂದುಬಿಟ್ಟೆ. ಅವರು ಕೈಯಲ್ಲಿದ್ದ ಪೊರಕೆ ಅಲ್ಲೇ ಬಿಟ್ಟು ಬಂದರು.

"ಅಯ್ಯೋ ಹೆಣ್ಣೇ, ನೀ ಕನ್ನಡದವಳಾ? ಇಷ್ಟ್ ದಿನ ಬಾಯ್ ಮುಚ್ಕಂಡ್ ಇದ್ದದ್ ಎಂತಕೆ?"

ಮೈಸೂರು ಎಂದೆ. "ಮೈಸೂರಾದ್ರೆ ಎಂತ, ಕನ್ನಡ ಅಲ್ದಾ?" ಎಂದರು. ಅವರ ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದವಂತೆ. ಆ ಕೊರತೆಯನ್ನೆಲ್ಲ ನನ್ನಿಂದ ತುಂಬಿಸಿಕೊಳ್ಳುವ ಉತ್ಸಾಹ ಅವರ ಮುಖದಲ್ಲಿ ಕಂಡು ನನಗೆ ಗಾಬರಿಯಾಯಿತು. ದೊಡ್ಡಮ್ಮ ಎಂದು ಕರೆಯಬೇಕೆಂದು ಅವರೇ ಅಪ್ಪಣೆ ಮಾಡಿದರು.

ಈ ದೊಡ್ಡಮ್ಮನಿಗೂ ಎದುರುಮನೆಯ ತಮಿಳು ಅಕ್ಕನಿಗೂ ಮಾತಿರಲಿಲ್ಲ. ಕಾರಣ ಹಲಸಿನ ಹಪ್ಪಳ. ನಾವು ಬರುವುದಕ್ಕೆ ಎಷ್ಟೋ ಮೊದಲು ಒಂದು ಬೇಸಗೆಯಲ್ಲಿ ದೊಡ್ಡಮ್ಮ ಊರಿನಿಂದ ಹಲಸಿನಕಾಯಿ ತರಿಸಿ, ಹಪ್ಪಳ ಒತ್ತಿ, ಅಂಗಳದಲ್ಲಿ ಚಾಪೆಯ ಮೇಲೆ ಒಣಹಾಕಿದ್ದರು. ಅಕ್ಕ ಮೇಲಿನ ಬಾಲ್ಕನಿಯಲ್ಲಿ ಸರಿಯಾಗಿ ಹಿಂಡದ ಬೆಡ್‌ಶೀಟು ಹರವಿದರು. ನೀರೆಲ್ಲ ಹಪ್ಪಳದ ಮೇಲೆ. ಬೇಕೆಂದೇ ಮಾಡಿದ್ದು ಎಂದು ಕೆಳಗಿನವರು, ಅಂಗಳ ಎಲ್ಲರಿಗೂ ಸೇರಿದ್ದು, ಅಲ್ಲಿ ಹಪ್ಪಳಕ್ಕೇನು ಕೆಲಸ ಎಂದು ಮೇಲಿನವರು. ಹಪ್ಪಳ ಹಾಳಾಗಿ ವರ್ಷಗಳಾಗಿದ್ದರೂ ಜಗಳ ಮಾತ್ರ ಗರಿಗರಿಯಾಗಿಯೇ ಉಳಿದಿತ್ತು. ಒಬ್ಬರು ಮೆಟ್ಟಿಲಲ್ಲಿದ್ದರೆ ಇನ್ನೊಬ್ಬರು ಬಾಗಿಲ ಹಿಂದೆ ಕಾಯುತ್ತಿದ್ದರು. ನನಗೆ ಅದೆಲ್ಲ ಆಗ ತಮಾಷೆಯ ವಿಷಯವಾಗಿತ್ತು.

ನಾನು ಬಸುರಿಯಾದಾಗ ಏರ್ಪಾಡೆಲ್ಲ ಸರಿಯಾಗಿಯೇ ಇತ್ತು. ತೋರಿಸಿಕೊಳ್ಳುತ್ತಿದ್ದ ಡಾಕ್ಟರು ಇಲ್ಲೇ ಇದ್ದುದರಿಂದ ಹೆರಿಗೆಯೂ ಇಲ್ಲೇ, ಬಾಣಂತನಕ್ಕೆ ಅಮ್ಮ ಬಂದು ಇರುವುದು ಎಂದು ಗೊತ್ತಾಗಿತ್ತು. ಅಮ್ಮ ಸಬ್ಬಸಿಗೆ ಬೀಜ, ಓಮ, ಒಣಕೊಬ್ಬರಿ, ಹಳೆಯ ಸೀರೆಯ ಮೆತ್ತನೆಯ ತುಂಡುಗಳು ಎಲ್ಲವನ್ನೂ ಚೀಲಕ್ಕೆ ತುಂಬಿಟ್ಟಿದ್ದಳು. ಹೊರಡುವ ವಾರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದರು. ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕು. ನನ್ನ ಅತ್ತೆ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಸಂಬಳಕ್ಕೆ ಬಾಣಂತನ ಮಾಡುವವರನ್ನು ಹುಡುಕಿದೆವು, ಒಬ್ಬಳೂ ನಿಲ್ಲಲಿಲ್ಲ.

"ಹೇಗೆ ಮಾಡ್ತೀಯೇ ಒಬ್ಳೇ?" ಎಂದು ಅಮ್ಮ ಫೋನಿನಲ್ಲಿ ಅತ್ತಳು.

"ಎಲ್ಲಾ ಯೂಟ್ಯೂಬಲ್ಲಿದೆ ಅಮ್ಮ, ನೋಡ್ಕೋತೀನಿ ಬಿಡು," ಎಂದೆ. ನನ್ನ ಜಂಭಕ್ಕೆ ಆಗ ಇನ್ನೂ ಏನೂ ಆಗಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಆರೋಗ್ಯವಾಗಿತ್ತು, ತಲೆ ತುಂಬ ಕೂದಲಿತ್ತು, ನೋಡಿದವರೆಲ್ಲ ಮುದ್ದಾಗಿದೆ ಎಂದರು. ನಾನೂ ಹಾಗೇ ಎಂದೆ. ಆದರೆ ಮಗುವನ್ನು ನೋಡಿದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕೋಪವಿಲ್ಲ, ಪ್ರೀತಿಯಿಲ್ಲ. ಯಾರದೋ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಿ ಎಂದು ಕೊಟ್ಟು ಹೋಗಿದ್ದಾರೆ, ಅವರು ಇನ್ನೂ ಬಂದಿಲ್ಲ, ಅಷ್ಟೆ. ಆಸ್ಪತ್ರೆಯಲ್ಲಿ ಸುಸ್ತಿನಿಂದ ಹೀಗೆ, ಮನೆಗೆ ಹೋದರೆ ಸರಿಹೋಗುತ್ತದೆ ಎಂದುಕೊಂಡೆ. ಮನೆಗೆ ಬಂದ ಮೇಲೆ ಇನ್ನೂ ಹೆಚ್ಚಾಯಿತು. ಹಾಲು ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಒಳಗೆ ಮಾತ್ರ ಖಾಲಿ. ಇದು ಹೀಗೇ ಉಳಿದರೆ? ಈ ಮಗು ದೊಡ್ಡದಾಗಿ, ಅಮ್ಮನಿಗೆ ತನ್ನ ಮೇಲೆ ಏನೂ ಇಲ್ಲ ಎಂದು ಕಂಡುಕೊಂಡರೆ? ಈ ಭಯವನ್ನು ಗಂಡನಿಗೂ ಹೇಳಲಿಲ್ಲ. ಹೇಳಿದರೆ ನನ್ನನ್ನು ಎಂಥ ಹೆಂಗಸೆಂದುಕೊಂಡಾನು ಎಂದು ನಾಚಿಕೆ. ಅವನ ರಜೆ ಮುಗಿದು ತಾಂಬರಂ ಆಚೆಯ ಕಾರ್ಖಾನೆಗೆ ಹೋಗಿಬರತೊಡಗಿದ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ.

ಅವನು ಕೆಲಸಕ್ಕೆ ಹೋದ ಮೊದಲ ದಿನವೇ ಬೆಲ್ಲಾಯಿತು. ದೊಡ್ಡಮ್ಮ ಕಂಚಿನ ಲೋಟದಲ್ಲಿ ಕಷಾಯ ಹಿಡಿದು, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತ ನಿಂತಿದ್ದರು.

"ಮನೆಯಗೆ ಯಾರ್ ಇದ್ರ್?"

ಯಾರೂ ಇಲ್ಲ ಎಂದೆ. ಅವರು ಕೇಳದೆಯೇ ಒಳಗೆ ಬಂದರು. ಅಡಿಗೆಮನೆ ನೋಡಿದರು, ಸಿಂಕಿನಲ್ಲಿದ್ದ ಪಾತ್ರೆ ನೋಡಿದರು, ಬ್ರೆಡ್ಡಿನ ಪೊಟ್ಟಣ ನೋಡಿ ಹಣೆ ಚಚ್ಚಿಕೊಂಡರು. ಆಮೇಲೆ ನೀರು ಕಾಯಿಸಿ, ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ನೀಡಿ ಮಗುವನ್ನು ಅದರ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಸ್ನಾನ ಮಾಡಿಸಿದರು. ಅವರು ಅದನ್ನು ಮೀಸುವುದು ಎನ್ನುತ್ತಿದ್ದರು, ನಮ್ಮ ಕಡೆ ನೀರು ಹಾಕುವುದು ಎನ್ನುತ್ತೇವೆ. ಫೋನನ್ನು ಸೋಪಿನ ಗೂಡಿನಲ್ಲಿ ಒರಗಿಸಿ ಅಮ್ಮನಿಗೆ ವೀಡಿಯೊ ಕರೆ ಮಾಡಿದ್ದೆ. ಅಮ್ಮ ಹಾಸಿಗೆಯಿಂದಲೇ, "ನೀರು ಜಾಸ್ತಿ ಬಿಸಿ ಆಯ್ತೇನೋ ಕಣ್ರೀ," ಎಂದರೆ, ದೊಡ್ಡಮ್ಮ ಫೋನಿನ ಕಡೆ ತಿರುಗದೆ, "ನಾ ಮೂರ್ ಮಕ್ಕಳನ್ ಮೀಸಿದ್ದೆ, ನೀವ್ ಸುಮ್ನೆ ಮನಿಕಣಿ," ಎಂದು ಬಾಯಿ ಮುಚ್ಚಿಸಿದರು. ಅಂದಿನಿಂದ ಅದು ದಿನವೂ ನಡೆಯಿತು.

ಆ ಮಧ್ಯಾಹ್ನವೇ ಎದುರುಮನೆಯ ಅಕ್ಕ ಬಂದರು. ದೊಡ್ಡಮ್ಮ ಕೆಳಗಿಳಿದದ್ದನ್ನು ಬಾಗಿಲ ಕಿಂಡಿಯಿಂದ ಖಚಿತಪಡಿಸಿಕೊಂಡೇ ಬಂದದ್ದು. ಕೈಯಲ್ಲಿ ಬೆಳ್ಳುಳ್ಳಿ ಹಾಕಿದ ಹುಳಿಸಾರು, ಅವರ ಮಾತಿನಲ್ಲಿ ಕುಳಂಬು, ಜೊತೆಗೆ ಅನ್ನ, ಒಂದು ಡಬ್ಬಿ ಲೇಹ್ಯ. ಬೆಳ್ಳುಳ್ಳಿ ತಿಂದರೆ ಹಾಲು ಚೆನ್ನಾಗಿ ಬರುತ್ತದೆ, ಕೆಳಗಿನವರು ಕೊಟ್ಟದ್ದನ್ನು ತಿನ್ನಬೇಡ, ಅವರು ಎಲ್ಲದಕ್ಕೂ ತೆಂಗಿನಕಾಯಿ ಹಾಕುತ್ತಾರೆ, ಮಗುವಿಗೆ ಶೀತವಾಗುತ್ತದೆ ಎಂದು ತಮಿಳಿನಲ್ಲಿ ಗುಟ್ಟಾಗಿ ಹೇಳಿದರು. ಅವರ ಗುಟ್ಟು ಬೀದಿಯವರೆಗೆ ಕೇಳಿಸಿರಬೇಕು. ಏಕೆಂದರೆ ಸಂಜೆ ದೊಡ್ಡಮ್ಮ ಬಂದು, ಕುಳಂಬಿಗೆ ಹುಣಸೆಹುಳಿ ಹಾಕುತ್ತಾರೆ, ಬಾಣಂತಿಗೆ ಹುಳಿ ವಿಷ, ಬಾಯಿಗೂ ಇಡಬೇಡ ಎಂದು ಎಚ್ಚರಿಸಿ ಹೋದರು. ಮಾರನೆಯ ದಿನ ಚೇಚಿ ಮೆಂತ್ಯ ಮತ್ತು ತೆಂಗಿನಹಾಲಿನ ಗಂಜಿ ತಂದರು. ಜೊತೆಗೆ ಒಂದು ದೊಡ್ಡ ಬಾಟಲಿ ನೀರು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ದೊಡ್ಡಮ್ಮನೂ ಅಕ್ಕನೂ ಬೇರೆಬೇರೆಯಾಗಿ ತಾಕೀತು ಮಾಡಿದ್ದರು. ಹಾಲು ಕುಡಿಸುವವಳು ನೀರು ಕುಡಿಯದಿದ್ದರೆ ಹೇಗೆ ಎಂದು ಚೇಚಿ ಬಾಟಲಿ ಖಾಲಿಯಾಗುವ ತನಕ ಎದುರಿಗೇ ಕುಳಿತರು. ಫೋನಿನಲ್ಲಿ ಅಮ್ಮನದು ನಾಲ್ಕನೆಯ ಪಂಥ. ಸಬ್ಬಸಿಗೆ ಸೊಪ್ಪು ತರಿಸು, ಅದಿಲ್ಲದೆ ಬಾಣಂತನವೇ ಅಲ್ಲ ಎಂದು ಅವಳು. ಸಬ್ಬಸಿಗೆಯ ವಾಸನೆಗೆ ಅಕ್ಕ ಮೂಗು ಮುಚ್ಚಿಕೊಂಡರು.

ಯಾರನ್ನು ಬಿಡಲಿ, ಯಾರನ್ನು ನೋಯಿಸಲಿ? ನಾನು ಎಲ್ಲರದ್ದೂ ತಿಂದೆ. ಕಷಾಯದ ಮೇಲೆ ಲೇಹ್ಯ, ಲೇಹ್ಯದ ಮೇಲೆ ಕುಳಂಬು, ಅದರ ಮೇಲೆ ಗಂಜಿ. ನನ್ನ ಹೊಟ್ಟೆ ಕೆಟ್ಟಿತು. ಮಗು ಬೇರೆ ಮಧ್ಯಾಹ್ನವಿಡೀ ಕಾಲು ಮಡಚಿ ಅಳತೊಡಗಿತು. ಮೂವರೂ ಬೇರೆಬೇರೆ ಹೊತ್ತಿಗೆ ಬಂದು, ಮಿಕ್ಕಿಬ್ಬರ ಅಡಿಗೆಯೇ ಇದಕ್ಕೆ ಕಾರಣವೆಂದು ತೀರ್ಮಾನಿಸಿ, ತಮ್ಮದನ್ನು ಇನ್ನೊಂದು ಸೌಟು ಹೆಚ್ಚು ಬಡಿಸಿದರು. ಈಗ ನೆನೆದರೆ ನಗು ಬರುತ್ತದೆ. ಆಗ ನಗುವ ಶಕ್ತಿ ನನ್ನಲ್ಲಿ ಇರಲಿಲ್ಲ. ಅವರು ಬಂದುಹೋದ ಮೇಲೆ ಮನೆ ಇನ್ನಷ್ಟು ಖಾಲಿಯಾಗುತ್ತಿತ್ತು. ಇಷ್ಟೊಂದು ಜನ ಈ ಮಗುವನ್ನು ಮುದ್ದಾಡುತ್ತಾರೆ, ಹೆತ್ತ ನನಗೇ ಆಗುತ್ತಿಲ್ಲ ಎನ್ನುವುದು ದಿನದಿನಕ್ಕೆ ಸ್ಪಷ್ಟವಾಗುತ್ತಿತ್ತು.

ಒಂದು ಮಧ್ಯಾಹ್ನ ಮಗು ಎಷ್ಟು ಎತ್ತಿ ಆಡಿಸಿದರೂ ಅಳು ನಿಲ್ಲಿಸಲಿಲ್ಲ. ತೊಟ್ಟಿಲಲ್ಲಿ ಮಲಗಿಸಿದೆ. ಇನ್ನು ಒಂದು ನಿಮಿಷವೂ ಆ ಕೋಣೆಯಲ್ಲಿ ನಿಲ್ಲಲಾರೆ ಎನ್ನಿಸಿತು. ನೈಟಿಯಲ್ಲೇ, ಬರಿಗಾಲಲ್ಲೇ ಹೊರಗೆ ಬಂದು, ಬಾಗಿಲನ್ನು ತೆರೆದೇ ಬಿಟ್ಟು ಮೆಟ್ಟಿಲ ಮೇಲೆ ಕುಳಿತೆ. ಕುಳಿತ ಮೇಲೆ ಅಳು ಬಂತು. ಒಳಗೆ ಮಗು ಅಳುತ್ತಿದೆ, ಹೊರಗೆ ನಾನು. ಯಾರಾದರೂ ನೋಡುತ್ತಾರೆ ಎಂಬುದೂ ಹೊಳೆಯಲಿಲ್ಲ.

ಎದುರುಬಾಗಿಲು ತೆರೆಯಿತು. ಅಕ್ಕನ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. "ಎನ್ನಾಚ್ಚು ಮಾ?" ಎಂದವರು ನನ್ನ ಉತ್ತರಕ್ಕೆ ಕಾಯದೆ ಒಳಗೋಡಿ ಮಗುವನ್ನು ಎತ್ತಿಕೊಂಡು ಬಂದರು. ಅಷ್ಟರಲ್ಲಿ ಕೆಳಗಿನಿಂದ ದೊಡ್ಡಮ್ಮ ಮೆಟ್ಟಿಲ ಕಂಬಿ ಹಿಡಿದು ಹತ್ತಿ ಬಂದರು. ನನ್ನ ಅಳುವಿಗಿಂತ ನನ್ನ ಬೋಳು ಕಿವಿ ಅವರನ್ನು ಹೆಚ್ಚು ಹೆದರಿಸಿತು.

"ಬಾಣಂತಿ ಹೊರ್ಗ್ ಕೂಕಂಬ್ದಾ? ಕೆಮಿಗೆ ಹತ್ತಿ ಎಲ್ಲಿ? ಗಾಳಿ ಹೊಕ್ರೆ ಎಂತ ಗತಿ!" ಎಂದು ಬೈಯುತ್ತಲೇ ತಮ್ಮ ಸೀರೆಯ ಸೆರಗನ್ನು ನನ್ನ ತಲೆಗೆ ಸುತ್ತಿ, ಅದೇ ಮೆಟ್ಟಿಲ ಮೇಲೆ ನನಗೆ ಒತ್ತಿಕೊಂಡು ಕುಳಿತರು. ಸೆರಗು ನನ್ನ ತಲೆಗಿದ್ದುದರಿಂದ ಅವರು ಏಳುವಂತಿರಲಿಲ್ಲ. ಅಕ್ಕ ಮಗುವನ್ನು ಹಿಡಿದು ಎದುರಿಗೆ ನಿಂತಿದ್ದರು. ಹಪ್ಪಳದ ಜಗಳದ ನಂತರ ಅವರಿಬ್ಬರೂ ಅಷ್ಟು ಹತ್ತಿರದಲ್ಲಿ ಮುಖಾಮುಖಿಯಾಗಿದ್ದು ಅದೇ ಮೊದಲು. ಇಬ್ಬರೂ ಒಂದು ಗಳಿಗೆ ಬೇರೆಲ್ಲೋ ನೋಡಿದರು. ಮಗು ಕಿರುಚುತ್ತಲೇ ಇತ್ತು.

ದೊಡ್ಡಮ್ಮ ತಮಿಳಿನಲ್ಲಿ, ಮಗುವನ್ನು ಇಲ್ಲಿ ಕೊಡು ಎಂದರು. ಅಕ್ಕ ತಮಿಳಿನಲ್ಲಿ, ಕತ್ತು ಜೋಪಾನ ಎಂದು ಕೊಟ್ಟರು. ಇಷ್ಟೇ. ಅಷ್ಟು ವರ್ಷ ಯಾರು ಮೊದಲು ಮಾತಾಡಬೇಕು ಎಂದು ಹಟ ಹಿಡಿದವರು, ಕೊನೆಗೆ ಯಾರು ಮೊದಲು ಮಾತಾಡಿದರು ಎನ್ನುವುದನ್ನು ಗಮನಿಸಲೂ ಇಲ್ಲ.

ಗಲಾಟೆ ಕೇಳಿ ಚೇಚಿ ಇಳಿದು ಬಂದರು. ಅವರು ಮಗುವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮುಂದಿನ ಮೆಟ್ಟಿಲ ಮೇಲೆ ಕುಳಿತು ಮೆಲ್ಲಗೆ ಪ್ರಶ್ನೆ ಕೇಳಿದರು. ಊಟ ಸೇರುತ್ತಿದೆಯಾ? ಮಗು ಮಲಗಿದಾಗ ನಿನಗೂ ನಿದ್ದೆ ಬರುತ್ತಾ? ಮಗುವನ್ನು ಎತ್ತಿಕೊಂಡಾಗ ಏನನ್ನಿಸುತ್ತೆ?

ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. "ಏನೂ ಅನ್ಸಲ್ಲ," ಎಂದೆ. ಕನ್ನಡದಲ್ಲೇ ಎಂದೆ. ಆಮೇಲೆ ನನ್ನ ಹರಕು ತಮಿಳಿನಲ್ಲಿ ಎಲ್ಲರಿಗೂ ತಿಳಿಯುವಂತೆ ಇನ್ನೊಮ್ಮೆ ಹೇಳಿದೆ. ಅಯ್ಯಯ್ಯೋ ಎನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಊರಿಗೆಲ್ಲ ಹೇಳುತ್ತಾರೆ ಎಂದು ತಲೆ ತಗ್ಗಿಸಿ ಕುಳಿತೆ.

ಯಾರೂ ಅಯ್ಯೋ ಎನ್ನಲಿಲ್ಲ. ಮಗುವನ್ನು ತೊಡೆಯ ಮೇಲೆ ತಟ್ಟುತ್ತಿದ್ದ ದೊಡ್ಡಮ್ಮನ ಕೈ ಒಂದು ಕ್ಷಣ ನಿಂತು ಮತ್ತೆ ತಟ್ಟತೊಡಗಿತು.

"ನಂಗೂ ಹೀಂಗೇ ಆಯಿತ್ತ್, ದೊಡ್ ಮಗ ಹುಟ್ದಾಗ," ಎಂದರು. ಹೋಟೆಲಿನ ಹಿಂದಿನ ಒಂದೇ ಕೋಣೆಯಲ್ಲಿ ಆಗ ಅವರ ಸಂಸಾರ. ಭಾಷೆ ಬಾರದ ಊರು. ಗೋಡೆಯಾಚೆ ದಿನವಿಡೀ ಪಾತ್ರೆಯ ಸದ್ದು, ಗಿರಾಕಿಗಳ ಸದ್ದು. "ಯಾರತ್ರೂ ಹೇಳ್ಲಿಲ್ಲೆ. ಹೇಳುಕೆ ಯಾರ್ ಇದ್ದಿದ್ರ್? ಸುಮಾರ್ ಸಮಯ ಬೇಕಾಯ್ತ್ ನಂಗೆ. ನೀ ಹೇಳ್ದೆ ಅಲ್ದಾ, ಒಳ್ಳೇದಾಯ್ತ್."

ನನಗೆ ಆ ಮಾತು ಕೇಳಿ ಎಷ್ಟು ಹಗುರಾಯಿತೆಂದು ಈಗಲೂ ಸರಿಯಾಗಿ ಹೇಳಲಾರೆ. ನಾನು ಕೆಟ್ಟವಳಲ್ಲ, ಇದು ಇತರರಿಗೂ ಬಂದು ಹೋಗಿರುವಂಥದ್ದು ಎಂದು ಮೊದಲ ಬಾರಿ ಗೊತ್ತಾಯಿತು. ಅಕ್ಕ ಕುತ್ತಿಗೆಯ ಟೇಪಿನ ತುದಿಯಲ್ಲಿ ಕಣ್ಣೊರೆಸಿಕೊಂಡರು. ಚೇಚಿ ಮಾತ್ರ ಕಣ್ಣೀರಿಗೆಲ್ಲ ಕರಗುವವರಲ್ಲ. ಇದು ಕಾಯಿಲೆ, ಇದಕ್ಕೆ ಔಷಧಿಯಿದೆ, ಇದು ಲೇಹ್ಯದಲ್ಲಿ ಹೋಗುವಂಥದ್ದಲ್ಲ, ನಾಳೆಯೇ ಡಾಕ್ಟರ ಹತ್ತಿರ ಹೋಗಬೇಕು ಎಂದರು. ಲೇಹ್ಯ ಎಂದಾಗ ಮಿಕ್ಕಿಬ್ಬರ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆ ಸಂಜೆ ಗಂಡನಿಗೆ ನಾನೇ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡು ಪೂರ್ತಿ ಕೇಳಿದ. ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ.

ಮಾರನೆಯ ದಿನ ಅವನು ರಜೆ ಹಾಕಿದ. ಚೇಚಿ ಜೊತೆಗೆ ಬಂದರು. ಆಸ್ಪತ್ರೆಯ ಗಾಳಿಯಲ್ಲಿ ಮಗುವನ್ನು ಇವರಿಬ್ಬರ ಕೈಗೇ ಬಿಡುವುದುಂಟೇ ಎಂದು ದೊಡ್ಡಮ್ಮನೂ ಹೊರಟರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನಿಧಾನವಾಗಿ ಕೇಳಿದರು, ನಿಧಾನವಾಗಿ ವಿವರಿಸಿದರು. ಹಾಲು ಕುಡಿಸುವವರು ತೆಗೆದುಕೊಳ್ಳಬಹುದಾದ ಮಾತ್ರೆ ಬರೆದರು, ವಾರಕ್ಕೊಮ್ಮೆ ಬಂದು ಮಾತಾಡಲು ಹೇಳಿದರು. ನನಗೆ ನಿದ್ದೆ ಬೇಕು, ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಬೇಕು ಎಂದರು.

"ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು.

ನನ್ನ ಗಂಡ ಬಾಯಿ ತೆರೆಯುವ ಮೊದಲೇ ಚೇಚಿ, "ಮೂರು ಮನೆಯವರು ಇದ್ದೇವೆ," ಎಂದರು. ಡಾಕ್ಟರು ಅವರ ಮುಖ ನೋಡಿದರು, ಬಾಗಿಲಾಚೆ ಮಗುವಿಗೆ ಗಾಳಿ ತಾಗದಂತೆ ಬೆನ್ನು ತಿರುಗಿಸಿ ಕುಳಿತಿದ್ದ ದೊಡ್ಡಮ್ಮನನ್ನು ನೋಡಿದರು, ಮತ್ತೇನೂ ಕೇಳಲಿಲ್ಲ.

ಆ ಭಾನುವಾರ ನಮ್ಮ ಹಾಲಿನಲ್ಲಿ ಊಟದ ವಿಷಯಕ್ಕೆ ಒಂದು ಮಹಾಸಭೆ ನಡೆಯಿತು. ಬಾಣಂತಿ ಎಲ್ಲ ಬಗೆಯ ಊಟವನ್ನೂ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಚೇಚಿಯೊಬ್ಬರನ್ನು ಬಿಟ್ಟು ಎಲ್ಲರೂ ಗೌರವದಿಂದ ಕೇಳಿ, ಗೌರವದಿಂದಲೇ ಪಕ್ಕಕ್ಕಿಟ್ಟರು. ಅಮ್ಮನೂ ಫೋನಿನಲ್ಲಿ ಹಾಜರಿದ್ದಳು. ಹುಣಸೆಹುಳಿ ದೊಡ್ಡಮ್ಮನಿಗೆ ಆಗದು. ಹಸಿ ತೆಂಗಿನಕಾಯಿ ಅಕ್ಕನಿಗೂ ಅಮ್ಮನಿಗೂ ಆಗದು. ಹೆಸರುಬೇಳೆ ತಂಪು ಎಂದು ಅಮ್ಮ, ತೊಗರಿಬೇಳೆ ವಾಯು ಎಂದು ದೊಡ್ಡಮ್ಮ. ಬದನೆಕಾಯಿಯನ್ನು ವಿರೋಧಿಸಿದಾಗ ಮಾತ್ರ ನಾಲ್ವರೂ ಒಂದಾದರು. ಒಬ್ಬೊಬ್ಬರೂ ಬೇಡ ಎಂದದ್ದನ್ನೆಲ್ಲ ಕಳೆಯುತ್ತ ಹೋದರೆ ಕೊನೆಗೆ ಉಳಿದದ್ದು ಬಿಸಿ ಅನ್ನ, ತುಪ್ಪ, ಬೇಳೆಯೂ ಹುಳಿಯೂ ಇಲ್ಲದ ಕಾಳುಮೆಣಸು ಜೀರಿಗೆಯ ಸಾರು. ಮೂರು ರಾಜ್ಯಗಳ ಅನುಭವ ಒಟ್ಟುಗೂಡಿಸಿ ತಲುಪಿದ ಒಪ್ಪಂದ ಅದು. ಹಾಗಾದರೆ ಈ ಹುಡುಗಿ ಬದುಕುವುದು ಹೇಗೆ ಎಂದು ಚೇಚಿ ರೇಗಿ, ತರಕಾರಿ ಪಲ್ಯ, ಬೇಳೆ, ಹಾಲು, ನೀರು ಎಲ್ಲವನ್ನೂ ಒಂದೊಂದಾಗಿ ವಾಪಸು ಸೇರಿಸಿದರು. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದನ್ನು ಪೂರ್ತಿ ನಿಲ್ಲಿಸಿದರು. ದೊಡ್ಡಮ್ಮ ಬಹಳ ಹೊತ್ತು ಗೊಣಗಿ, ನನ್ನ ಒದ್ದೆ ತಲೆಗೆ ಬೇರೆ ಕೋಣೆಯಲ್ಲಿ, ಕಿಟಕಿ ತೆಗೆದು, ಒಂದಿಷ್ಟು ಹೊಗೆ ಹಾಕುವ ಹಕ್ಕನ್ನು ಮಾತ್ರ ಉಳಿಸಿಕೊಂಡರು.

ಅಲ್ಲಿಂದ ನಮ್ಮ ಮನೆಯ ಬಾಗಿಲಿಗೆ ಹಗಲು ಚಿಲಕ ಬೀಳಲಿಲ್ಲ. ಬೆಳಿಗ್ಗೆ ದೊಡ್ಡಮ್ಮನ ಸ್ನಾನದ ಪಾಳಿ. ಮಧ್ಯಾಹ್ನ ಅಕ್ಕ ಹೊಲಿಗೆಯ ಬಟ್ಟೆಗಳನ್ನು ನಮ್ಮ ಮನೆಗೇ ತಂದು ಹುಕ್ಕು ಹಾಕುತ್ತ, ಕಾಲಿನಿಂದ ತೊಟ್ಟಿಲು ತೂಗುತ್ತ, "ನೀ ತೂಂಗು ಮಾ," ಎಂದು ನನ್ನನ್ನು ಮಲಗಲು ಅಟ್ಟುತ್ತಿದ್ದರು. ಅಷ್ಟು ದೊಡ್ಡ ಗಂಟಲಿನವರು ಮಗು ಮಲಗಿದಾಗ ಪಿಸುಮಾತಿನಲ್ಲಿ ಮಾತಾಡುವುದನ್ನು ಕಲಿತರು. ಸಂಜೆ ಚೇಚಿ ಮಾತ್ರೆ ತಗೊಂಡೆಯಾ ಎಂದು ಕೇಳಲು ಬರುತ್ತಿದ್ದರು. ನಾನು ಅವರ ಮುಂದೆ ಅಳಬಹುದಾಗಿತ್ತು, ಸಿಡುಕಬಹುದಾಗಿತ್ತು, ಏನೂ ಮಾತಾಡದೆ ಗೋಡೆ ನೋಡಿಕೊಂಡು ಕೂರಬಹುದಾಗಿತ್ತು. ಒಂದು ದಿನ ದೊಡ್ಡಮ್ಮನ ಮನೆಯಲ್ಲಿ ಅಕ್ಕ ಕುಳಿತು ಕಾಫಿ ಕುಡಿಯುತ್ತಿದ್ದುದನ್ನು ಕಂಡವರು ಕಟ್ಟಡದ ಗುಂಪಿನಲ್ಲಿ ಸುದ್ದಿ ಹಾಕಿದರು. ಅಷ್ಟರಲ್ಲಿ ನಾನು ಆ ಗುಂಪಿನ ಸದ್ದನ್ನು ತೆರೆದಿಟ್ಟಿದ್ದೆ.

ಔಷಧಿ ಬೇಗ ಏನೂ ಮಾಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಿದ್ದೆ ಮೊದಲು ಬಂತು. ಆಮೇಲೆ ಹಸಿವು. ಮೆಣಸಿನ ಸಾರಿನ ಪರಿಮಳಕ್ಕೆ ಬಾಯಲ್ಲಿ ನೀರೂರಿದ ದಿನ ನನಗೇ ಆಶ್ಚರ್ಯವಾಯಿತು. ಮಗುವಿನ ವಿಷಯದಲ್ಲಿ ಮಾತ್ರ ಒಳಗೆ ಇನ್ನೂ ಸದ್ದಿರಲಿಲ್ಲ. ಕಾಯುವುದು ಅಭ್ಯಾಸವಾಗಿತ್ತು, ಭಯ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಮ್ಮ ಬಂದವರು ಬಚ್ಚಲ ಮಣೆಯ ಮೇಲೆ ಕೂರಲಾಗದೆ ನಿಂತರು. ಮಂಡಿ ಊದಿಕೊಂಡಿತ್ತು.

"ನಂಗ್ ಕಾಲ್ ನೀಡುಕ್ ಆತಿಲ್ಲೆ. ಇವತ್ ನೀನೇ ಮೀಸ್."

ಅಕ್ಕನನ್ನು ಕರೆಯೋಣ, ಚೇಚಿಯನ್ನು ಕರೆಯೋಣ ಎಂದೆ. ಅಕ್ಕ ಆಗಲೇ ಬಂದು ಬಾಗಿಲಿಗೆ ಒರಗಿ ನಿಂತಿದ್ದರು, ಚೇಚಿ ಅವರ ಹಿಂದೆ. ಯಾರೂ ಮುಂದೆ ಬರಲಿಲ್ಲ. 'ನೀನೇ' ಎನ್ನುವಂತೆ ಸುಮ್ಮನೆ ನೋಡಿದರು. ಸೋಪಿನ ಗೂಡಿನಿಂದ ಅಮ್ಮ, "ಮೊದಲು ನೀನು ಸರಿಯಾಗಿ ಕೂತ್ಕೊಳೇ," ಎಂದಳು.

ಮಣೆಯ ಮೇಲೆ ಕುಳಿತು ಕಾಲು ನೀಡಿದೆ. ದೊಡ್ಡಮ್ಮ ಎಣ್ಣೆ ತಿಕ್ಕಿದ ಮಗುವನ್ನು ನನ್ನ ಕಾಲುಗಳ ಮೇಲೆ ಇಟ್ಟರು. ಬರಿಮೈಯ ಆ ಪುಟ್ಟ ಭಾರ, ಆ ಬಿಸುಪು ನೇರವಾಗಿ ನನ್ನ ಕಾಲಿಗೆ ತಾಗಿತು. ತಂಬಿಗೆಯಿಂದ ನೀರು ಸುರಿದೆ. ಮಗು ಬೆಚ್ಚಿ, ಎರಡೂ ಕೈ ಚಾಚಿ, ಹಿಡಿಯಲು ಏನಾದರೂ ಸಿಗಲಿ ಎಂದು ತಡಕಾಡಿ ನನ್ನ ಬೆರಳನ್ನು ಹಿಡಿದುಕೊಂಡಿತು. ಎಣ್ಣೆಯಲ್ಲಿ ಜಾರಿತು. ಮತ್ತೆ ಹಿಡಿಯಿತು. ಅಷ್ಟು ಜನರ ನಡುವೆ ಅದಕ್ಕೆ ಬೇಕಾಗಿದ್ದು ನಾನು. ಇವಳು ನನ್ನವಳು ಎನ್ನಿಸಿತು. ಅಷ್ಟು ದಿನ ಎಲ್ಲಿತ್ತೋ, ಎದೆ ತುಂಬಿ ಉಕ್ಕಿ ಬಂತು. ಮಗಳ ಒದ್ದೆ ತಲೆಯ ಮೇಲೆ ಬಗ್ಗಿ, "ನಾನಿದ್ದೀನಿ ಕಣೇ, ಇಲ್ಲೇ ಇದ್ದೀನಿ," ಎಂದೆ. ಅವಳ ಜೊತೆ ನಾನು ಮಾತಾಡಿದ್ದು ಅದೇ ಮೊದಲು.

"ಕೆಮಿಗೆ ನೀರ್ ಹೋಯ್ತ್, ಕೆಮಿ ಮುಚ್ಚ್!" ಎಂದು ದೊಡ್ಡಮ್ಮ ಬೈದರು.

ತಲೆಯೆತ್ತಿ ನೋಡಿದರೆ ಫೋನಿನಲ್ಲಿ ಅಮ್ಮನ ಮುಖವಿಲ್ಲ. ನಮ್ಮ ಮೈಸೂರಿನ ಮನೆಯ ಸೂರು, ತಿರುಗುವ ಫ್ಯಾನು ಮಾತ್ರ ಕಾಣಿಸುತ್ತಿದ್ದವು. ಅಳುವುದು ನನಗೆ ಕಾಣದಿರಲಿ ಎಂದು ಫೋನನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದಳು. ಮೂಗು ಎಳೆದುಕೊಳ್ಳುವುದು ಕೇಳುತ್ತಿತ್ತು.

ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ, ಆ ಫ್ಯಾನಿಗೆ ಕೇಳಿಸುವಂತೆ ಜೋರಾಗಿ, "ಅಳಾದೀಂಗಮ್ಮಾ. ನಾಂಗ ಇರುಕ್ಕೋಂ," ಎಂದರು.

ಅಮ್ಮನಿಗೆ ತಮಿಳು ಒಂದಕ್ಷರ ಬಾರದು.

"ಗೊತ್ತು ಕಣಮ್ಮ," ಎಂದಳು ಅವಳು. "ನೀವೆಲ್ಲ ಇದ್ದೀರಾಂತ ಗೊತ್ತು."